ಉಪ್ಪುನೀರು, ಔಷಧಿ ಮತ್ತು ಗೌಡರು

ಪ್ರಾಣಿಗಳ ನಡವಳಿಕೆ ನೋಡುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವವನ ಬದುಕಿನಲ್ಲಿ ನಗೆಪಾಟಲಾಗುವ ಸಂಗತಿಗಳಿಗೆ ಬರವಿಲ್ಲ. ನಾವು ಪ್ರಾಣಿಯನ್ನು ನೋಡುತ್ತಿದ್ದೇವೆ ಅಂದುಕೊಂಡಿರುತ್ತೇವೆ, ಅಷ್ಟರಲ್ಲಿ ಇನ್ಯಾರೋ ನಮ್ಮನ್ನು ನೋಡಿ ನಗುತ್ತಿರುತ್ತಾರೆ. ನಿವೃತ್ತನಾದ ಮೇಲೆ ಇದು ನಿಲ್ಲುತ್ತದೆ ಎಂದು ನಂಬಿದ್ದೆ. ನಿಲ್ಲಲಿಲ್ಲ.

ಹೋದ ತಿಂಗಳು ಆರ್.ಟಿ. ನಗರದಲ್ಲಿ ನಮ್ಮ ಡಾಕ್ಟರ ಹತ್ತಿರ ಬಿಪಿ ನೋಡಿಸಿಕೊಳ್ಳಲು ಹೋಗಿದ್ದೆ. ಮನೆಯಲ್ಲಿ ತಣ್ಣಗಿರುವ ಬಿಪಿ ಅಲ್ಲಿನ ಕುರ್ಚಿಯಲ್ಲಿ ಕೂತ ತಕ್ಷಣ ಮೇಲಕ್ಕೆ ಹೊರಟಿತು. ಡಾಕ್ಟರಿಗೆ ನನ್ನ ಮಗಳಿಗಿಂತ ಕಡಿಮೆ ವಯಸ್ಸು. ಬಹಳ ಸಹನೆಯಿಂದ ವಿವರಿಸಿದರು: ಕೆಲವರಿಗೆ ಬಿಳಿ ಕೋಟು ಕಂಡರೆ ಸಾಕು ಅಂಕಲ್, ಮೈಯೊಳಗೆ ಹೆದರಿಕೆಯ ಹಾರ್ಮೋನು ಏರಿಬಿಡುತ್ತೆ, ಪಾಪ ಅವರ ತಪ್ಪಲ್ಲ. ನನಗೆ ನಗು ತಡೆಯಲಾಗಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಆ ಬಿಳಿ ಕೋಟಿನೊಳಗೆ ಇದ್ದವನು ನಾನೇ. ಎದುರಿಗೆ ಕೂತು ನಡುಗುತ್ತಿದ್ದದ್ದು ಇಲಿ. ನಕ್ಕಿದ್ದಕ್ಕೆ ಬಿಪಿ ಇನ್ನಷ್ಟು ಏರಿತು.

ಜೊತೆಗೆ ನನ್ನ ಹಳೆಯ ಸಹೋದ್ಯೋಗಿ, ಕೊಡಿಗೇಹಳ್ಳಿಯ ಗೌಡರು ಬಂದಿದ್ದರು. ಅವರು ತಮ್ಮ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ನನ್ನ ಕಿವಿಯ ಹಿಂದೆ ಹೆಬ್ಬೆರಳಿಟ್ಟು ಮೆಲ್ಲಗೆ ಉಜ್ಜುತ್ತ, ತಮ್ಮ ಬೀದಿಯ ಮೂಲೆ ಸೈಟಿನ ಹಳೇ ಜಗಳದ ಕತೆ ಹೇಳತೊಡಗಿದರು. ಎರಡು ನಿಮಿಷ ಬಿಟ್ಟು ಡಾಕ್ಟರು ಮತ್ತೆ ನೋಡಿದರೆ ಬಿಪಿ ಇಳಿದಿತ್ತು. ಅವರು ಮಿಷನ್ನನ್ನು ಎರಡು ಸಲ ತಟ್ಟಿ, ಸಿಸ್ಟರನ್ನು ಕರೆದು, ಇದರ ಸೆಲ್ ಬದಲಾಯಿಸಿ ಎಂದರು.

ಮಿಷನ್ನಿನ ತಪ್ಪಲ್ಲ. ಆದರೆ ಅದನ್ನು ವಿವರಿಸಬೇಕಾದರೆ ಹಿಂದೆ, ಇಲಿಮನೆಗೆ ಹೋಗಬೇಕು.

ಯಶವಂತಪುರದ ಇಲಿಗಳು

ಆಗ ಹೆಬ್ಬಾಳದಲ್ಲಿ ಮೇಲ್ಸೇತುವೆ ಇರಲಿಲ್ಲ. ಬಸ್ಸಿಳಿದು ಕೆರೆ ಏರಿಯ ಪಕ್ಕ ಹತ್ತು ನಿಮಿಷ ನಡೆದರೆ ಹೊಂಗೆ ಮರಗಳ ನಡುವೆ ನಮ್ಮ ಸಂಶೋಧನಾ ಕೇಂದ್ರ. ಅದರ ಹಿಂಬದಿಗೆ ಉದ್ದನೆಯ ಹೆಂಚಿನ ಕಟ್ಟಡ. ಕಾಗದದಲ್ಲಿ ಅದು ಪ್ರಯೋಗಪ್ರಾಣಿ ವಿಭಾಗ, ಬಾಯಲ್ಲಿ ಇಲಿಮನೆ. ಹೆದರಿಕೆಯಾದಾಗ ಮೈಯಲ್ಲಿ ಏರುವ ಹಾರ್ಮೋನನ್ನು ಅಳೆಯುವುದು, ಅದನ್ನು ಇಳಿಸುವ ಔಷಧಿ ಹುಡುಕುವುದು, ಔಷಧಿ ಕೊಟ್ಟ ಮೇಲೆ ಇಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಬರೆದಿಡುವುದು ನನ್ನ ಕೆಲಸ.

ಇದನ್ನು ಮೊದಲ ಸಲ ಮನೆಯ ಮಾತಿನಲ್ಲಿ ವಿವರಿಸಬೇಕಾಗಿ ಬಂದದ್ದು ನಾನು ಹೆಣ್ಣು ನೋಡಲು ಹೋದಾಗ. ಮುಂದೆ ಮಾವನಾದವರಿಗೆ ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಅಕ್ಕಿ ಮಂಡಿ. ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟು, ಏನು ಕೆಲಸ ಎಂದು ಕೇಳಿದರು. ಹಾರ್ಮೋನು, ಔಷಧಿ ಎಂದೆಲ್ಲ ಹೇಳಿದೆ. ಅವರು ತಲೆಯಾಡಿಸಿದರು, ತಲೆಗೆ ಏನೂ ಇಳಿದಂತೆ ಕಾಣಲಿಲ್ಲ. ಸುಲಭವಾಗಲಿ ಅಂತ, ಇಲಿಗಳ ಹೆದರಿಕೆ ಕಡಿಮೆ ಮಾಡ್ತೀನಿ ಎಂದೆ.

ಅವರು ಬಾಯಿಗೆ ಹಾಕಿದ ಉಪ್ಪಿಟ್ಟನ್ನು ಅಲ್ಲೇ ನಿಲ್ಲಿಸಿದರು. ಸರ್ಕಾರ ಸಂಬಳ ಕೊಟ್ಟು ಇಲಿಗೆ ಧೈರ್ಯ ತುಂಬಿಸುತ್ತಿದೆಯೇ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಹೌದು ಎಂದೆ.

"ಅದಕ್ಕೆ ಹೆಬ್ಬಾಳಕ್ಕೆ ಯಾಕ್ ಹೋಗ್ಬೇಕಿತ್ತು ಸ್ವಾಮಿ? ನಮ್ ಮಂಡಿಗೆ ಬಂದಿದ್ರೆ ನಾನೇ ತೋರಿಸ್ತಿದ್ದೆ," ಎಂದರು. "ಅಲ್ಲಿ ಹೆದರ್ಕೊಂಡಿರೋದು ಬೆಕ್ಕು."

ಬಾಗಿಲ ಸಂದಿಯಿಂದ ಒಂದು ನಗು ಕೇಳಿತು. ಆ ನಗುವಿನ ಜೊತೆ ಈಗ ಸಂಸಾರ ಮಾಡಿಕೊಂಡು ಇದ್ದೇನೆ.

ಹೂಗುಚ್ಛ ಯಾರಿಗೆ

ಗೌಡರು ನಮ್ಮ ಇಲಿಮನೆಯ ಅಟೆಂಡರ್. ಬೆಳಿಗ್ಗೆ ಬೋನು ತೊಳೆದು, ಮರದ ಹೊಟ್ಟು ಹಾಸಿ, ನೀರಿನ ಸೀಸೆ ತುಂಬಿಸಿ, ಕಾಳು ಹಾಕುವುದು ಅವರ ಕೆಲಸ. ಕೊಡಿಗೇಹಳ್ಳಿಯ ಹಳೆ ಒಕ್ಕಲು ಮನೆತನ. ನಾನು ಸೇರಿದಾಗ ಸೈಕಲ್ಲಿನಲ್ಲಿ ಬರುತ್ತಿದ್ದರು, ಕ್ಯಾರಿಯರಿನಲ್ಲಿ ಹಸುವಿಗೆ ಹುಲ್ಲಿನ ಕಟ್ಟು. ಆಮೇಲೆ ಏರ್‌ಪೋರ್ಟ್ ರಸ್ತೆ ಬಂತು. ಅವರ ರಾಗಿ ಹೊಲ ರಸ್ತೆಗೆ ಅಂಟಿಕೊಂಡೇ ಇತ್ತು. ಮಕ್ಕಳಿಬ್ಬರೂ ಬಿಲ್ಡರುಗಳಾದರು. ಗೌಡರು ಡ್ರೈವರ್ ಇದ್ದ ದೊಡ್ಡ ಕಾರಿನಲ್ಲಿ ಬಂದಿಳಿದು, ಗರಿಗರಿ ಪಂಚೆ ಬಿಚ್ಚಿ ಮಡಿಸಿಟ್ಟು, ಖಾಕಿ ನಿಕ್ಕರು ಹಾಕಿಕೊಂಡು ಇಲಿ ಬೋನು ತೊಳೆಯತೊಡಗಿದರು. ನಮ್ಮ ನಿರ್ದೇಶಕರು ಬರುತ್ತಿದ್ದದ್ದು, ಎಡಕ್ಕೆ ವಾಲಿಸಿ ಒದೆಯದೆ ಸ್ಟಾರ್ಟ್ ಆಗದ ಒಂದು ಸ್ಕೂಟರಿನಲ್ಲಿ.

ಒಂದು ಸಲ ಹೊರದೇಶದಿಂದ ಕೆಲವು ವಿಜ್ಞಾನಿಗಳು ಬಂದರು. ಗೇಟಿನಲ್ಲಿ ಅವರ ವ್ಯಾನು ನಿಂತ ಹೊತ್ತಿಗೇ ಗೌಡರ ಕಾರೂ ಬಂದು ನಿಂತಿತು. ಬಿಳಿ ಪಂಚೆ, ಬಿಳಿ ಶರ್ಟು, ಬೆರಳಿಗೆ ಉಂಗುರ. ಗೇಟಿನವನು ಸೆಲ್ಯೂಟ್ ಹೊಡೆದ. ವಿದೇಶಿ ತಂಡದ ಹಿರಿಯರು ಮುಂದೆ ಬಂದು, ತಲೆಬಾಗಿ, ತಂದಿದ್ದ ದೊಡ್ಡ ಹೂಗುಚ್ಛವನ್ನು ಗೌಡರ ಕೈಗಿಟ್ಟರು. ನಾವೆಲ್ಲ ಕಲ್ಲಾಗಿ ನಿಂತೆವು. ಅಷ್ಟು ಹೊತ್ತಿಗೆ ನಿರ್ದೇಶಕರು, ಸ್ಕೂಟರಿನ ಎಣ್ಣೆ ಅಂಗೈಗೆಲ್ಲ ಮೆತ್ತಿಕೊಂಡು ಬಂದರು. ಅವರನ್ನು ನೋಡಿದ ಆ ಹಿರಿಯರು ವ್ಯಾನಿನಲ್ಲಿದ್ದ ತಮ್ಮ ಸೂಟ್‌ಕೇಸ್ ತೋರಿಸಿ, ಇಳಿಸಪ್ಪಾ ಎನ್ನುವಂತೆ ಸನ್ನೆ ಮಾಡಿದರು. ನಿರ್ದೇಶಕರು ಪುಣ್ಯಾತ್ಮರು, ಇಳಿಸಿದರು.

ಮಧ್ಯಾಹ್ನ ಗೌಡರು ಹೂಗುಚ್ಛ ಹಿಡಿದುಕೊಂಡು ನಿರ್ದೇಶಕರ ಕೋಣೆಗೆ ಹೋದರು. ತಪ್ಪೊಪ್ಪಿಕೊಂಡು ಒಪ್ಪಿಸುತ್ತಾರೆ ಎಂದು ನಾವು ಹಿಂದೆಯೇ ನಿಂತಿದ್ದೆವು. "ಇಲಿಗೆ ಆಕಿ ನೋಡ್ದೆ ಸಾ, ಮೂಸ್ನೂ ಇಲ್ಲ," ಎಂದರು ಗೌಡರು. "ನೀವು ಮಡಿಕ್ಕತೀರಾ?"

ಇಷ್ಟು ಸಿರಿ ಬಂದ ಮೇಲೆ ಈ ಕೆಲಸ ಯಾಕೆ ಗೌಡ್ರೇ ಎಂದು ನಾನೊಮ್ಮೆ ಕೇಳಿದ್ದೆ. ಅವರ ಮಕ್ಕಳು ದಿನಾ ಅದನ್ನೇ ಕೇಳುತ್ತಿದ್ದರಂತೆ. ಅಪ್ಪ ಇಲಿಗೆ ಕಾಳು ಹಾಕುತ್ತಾನೆ ಎಂದರೆ ಹೆಣ್ಣು ಕೊಡುವವರು ಏನಂದುಕೊಂಡಾರು ಎಂದು ಅವರ ಚಿಂತೆ. ಗೌಡರು ಬೋನಿನ ಬಾಗಿಲು ಹಾಕುತ್ತ ಹೇಳಿದರು: "ಒಲ ಓಯ್ತು, ಅಸ ಓಯ್ತು, ಎಮ್ಮೆ ಓಯ್ತು. ಬೆಳಗೆದ್ರೆ ಮೇವು ಆಕಕ್ಕೆ ಏನಾರ ಒಂದು ಬ್ಯಾಡ್ವಾ ಸಾ?"



ಬೀರುವಿನ ಗುಟ್ಟು

ನಮ್ಮ ದೊಡ್ಡ ಪ್ರಯೋಗ ಶುರುವಾದದ್ದು ಅದೇ ಕಾಲದಲ್ಲಿ. ಹೊಸ ಔಷಧಿಯೊಂದು ಬಂದಿತ್ತು, ಹೆದರಿಕೆ ಇಳಿಸುತ್ತದೆ ಎಂಬ ಆಸೆ. ಅರ್ಧ ಇಲಿಗಳಿಗೆ ದಿನವೂ ಆ ಔಷಧಿಯ ಸೂಜಿ, ಉಳಿದರ್ಧಕ್ಕೆ ಬರೀ ಉಪ್ಪುನೀರಿನ ಸೂಜಿ. ಆಮೇಲೆ ಪರೀಕ್ಷೆ. ಪರೀಕ್ಷೆಗೆ, ನೆಲದಿಂದ ಎತ್ತರಕ್ಕೆ ನಿಲ್ಲಿಸಿದ ನಾಲ್ಕು ದಾರಿಯ ಹಲಗೆ. ಎರಡು ದಾರಿಗೆ ಪಕ್ಕದಲ್ಲಿ ಗೋಡೆ, ಇನ್ನೆರಡು ಬಟಾಬಯಲು. ಅಂಜುಬುರುಕ ಇಲಿ ಗೋಡೆಯ ಸಂದಿಯಲ್ಲೇ ಮುದುರಿಕೊಳ್ಳುತ್ತದೆ. ಧೈರ್ಯವಿದ್ದದ್ದು ಬಯಲಿನ ತುದಿಗೆ ಬಂದು ಮೀಸೆ ಆಡಿಸುತ್ತ ಕೆಳಗೆ ನೋಡುತ್ತದೆ. ಈಗಿನ ಹೆಬ್ಬಾಳದ ಮೇಲ್ಸೇತುವೆ ದಾಟುವಾಗೆಲ್ಲ ನನಗೆ ಆ ಹಲಗೆ ನೆನಪಾಗುತ್ತದೆ. ಅಲ್ಲೂ ಯಾವ ದಾರಿ ಎಲ್ಲಿಗೆ ಎಂದು ತಿಳಿಯದೆ ನಾನು ಗೋಡೆ ಹಿಡಿದೇ ಹೋಗುತ್ತೇನೆ.

ಯಾವ ಇಲಿಗೆ ಔಷಧಿ, ಯಾವುದಕ್ಕೆ ಉಪ್ಪುನೀರು ಎಂಬುದು ನೋಡುವವರಿಗೆ ತಿಳಿಯಬಾರದು. ತಿಳಿದರೆ ನಮ್ಮ ಕಣ್ಣು ಪಕ್ಷಪಾತ ಮಾಡುತ್ತದೆ. ಆದ್ದರಿಂದ ಬೋನುಗಳಿಗೆ ಕೆಂಪು ಚೀಟಿ, ಬಿಳಿ ಚೀಟಿ ಅಂಟಿಸಿ, ಯಾವುದು ಏನೆಂಬ ಗುಟ್ಟನ್ನು ನಿರ್ದೇಶಕರೊಬ್ಬರೇ ಲಕೋಟೆಯಲ್ಲಿ ಬರೆದು, ಅರಗಿನ ಮುದ್ರೆ ಒತ್ತಿ, ತಮ್ಮ ಕಬ್ಬಿಣದ ಬೀರುವಿನಲ್ಲಿಟ್ಟರು. ಸೂಜಿಮದ್ದೂ ಅವರ ಕೋಣೆಯಿಂದಲೇ ಕೆಂಪು ಮುಚ್ಚಳ, ಬಿಳಿ ಮುಚ್ಚಳದ ಸೀಸೆಗಳಲ್ಲಿ ಬರುತ್ತಿತ್ತು. ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿಗಾಗಲಿ ನನಗಾಗಲಿ ಗೊತ್ತಿಲ್ಲ. ಇದು ಪರಮ ಗುಟ್ಟು ಎಂದು ನಾನು ಇಲಿಮನೆಯಲ್ಲಿ ನಿಂತು, ಗೌಡರೂ ಕೇಳುವಂತೆ, ಅರ್ಧ ಗಂಟೆ ಭಾಷಣ ಮಾಡಿದ್ದೆ.

ಕೆಲವೇ ವಾರಗಳಲ್ಲಿ ಕೆಂಪು ಚೀಟಿಯ ಇಲಿಗಳು ಹುಲಿಗಳಾದವು. ಬಿಳಿ ಚೀಟಿಯವು ಗೋಡೆ ಬಿಟ್ಟು ಅಲುಗಲಿಲ್ಲ. ಇನ್ನು ಲಕೋಟೆ ಒಡೆಯುವುದೊಂದೇ ಬಾಕಿ. ಬೀರು ತೆಗೆದರೆ ಲಕೋಟೆ ಇಲ್ಲ. ಮೂರು ದಿನ ಇಡೀ ಕೇಂದ್ರ ಜಾಲಾಡಿದೆವು. ಕೊನೆಗೆ ನಿರ್ದೇಶಕರ ಹೆಂಡತಿ ಫೋನು ಮಾಡಿದರು. ಅರಗಿನ ಮುದ್ರೆ ಇದ್ದದ್ದು ಕಂಡು ಯಾವುದೋ ಮಠದ ಪ್ರಸಾದವಿರಬೇಕೆಂದು, ಗಂಡ ಕಡತಗಳ ಜೊತೆ ಮನೆಗೆ ತಂದಿದ್ದ ಲಕೋಟೆಯನ್ನು ದೇವರ ಮನೆಯಲ್ಲಿಟ್ಟು, ಒಂದು ತಿಂಗಳಿಂದ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರು.

ಒಡೆದು ನೋಡಿದೆವು. ಕೆಂಪು ಎಂದರೆ ಔಷಧಿ. ನಾವು ಗೆದ್ದಿದ್ದೆವು. ಔಷಧಿ ಕೆಲಸ ಮಾಡಿದ್ದು ಯಾವುದರಿಂದ ಎಂಬ ಬಗ್ಗೆ ನಿರ್ದೇಶಕರ ಹೆಂಡತಿಗೆ ಮಾತ್ರ ಬೇರೆ ಅಭಿಪ್ರಾಯವಿತ್ತು.

ಯೋಜನೆಗೆ ಹಣ ಕೊಡುವ ದೆಹಲಿಯ ಇಲಾಖೆಗೆ ವರದಿ ಹೋಯಿತು. ಬಹಳ ಸಂತೋಷ, ಇನ್ನೊಮ್ಮೆ ಹೊಸ ಇಲಿಗಳ ಮೇಲೆ ಇದೇ ಫಲ ತೋರಿಸಿ, ಸಮಿತಿ ಬಂದು ನೋಡುತ್ತದೆ ಎಂದು ಉತ್ತರ ಬಂತು. ಕೊನೆಯಲ್ಲಿ ಒಂದು ಸಾಲು: ತೋರಿಸಲಾಗದಿದ್ದರೆ ಯೋಜನೆ ಮುಕ್ತಾಯ. ಯೋಜನೆ ಮುಗಿದರೆ ಇಲಿಮನೆಗೆ ಬೀಗ. ಹುಡುಗಿಯ ಪಿಎಚ್.ಡಿ. ನೀರಿಗೆ. ಗೌಡರಿಗೆ ಫೈಲು ಹೊರುವ ಕೆಲಸ. ನಿಮ್ಮ ಇಲಿ ಧೈರ್ಯವಾಗಿದ್ದರೆ ನಾವೂ ಧೈರ್ಯವಾಗಿರಬಹುದು ಎಂದರು ನಿರ್ದೇಶಕರು.

ಚಿಕ್ಕಜಾಲದ ಮದುವೆ ಊಟ

ಹೊಸ ಇಲಿಗಳು ಬಂದವು. ಅದೇ ಔಷಧಿ, ಅದೇ ಹಲಗೆ, ಹೊಸ ಗುಟ್ಟು, ಹೊಸ ಲಕೋಟೆ. ಈ ಸಲ ಬೀರುವಿನ ಕೀಲಿಯನ್ನು ನಿರ್ದೇಶಕರು ಜನಿವಾರಕ್ಕೆ ಕಟ್ಟಿಕೊಂಡರು. ಸರಿಯಾಗಿ ಅದೇ ಹೊತ್ತಿಗೆ ಗೌಡರು ಮೂರು ವಾರ ರಜೆ ಹಾಕಿದರು. ಕಿರಿಮಗನ ಮದುವೆ. ಅವರ ಬದಲು ಆಫೀಸಿನ ಇನ್ನೊಬ್ಬ ಅಟೆಂಡರ್ ಬಂದು, ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಚಾಚಿದ ಕೈಯಿಂದ ಕಾಳು ಹಾಕಿ ಹೋಗುತ್ತಿದ್ದ.

ಒಂದು ಇಲಿಯೂ ಗೋಡೆ ಬಿಟ್ಟು ಬರಲಿಲ್ಲ. ಕೆಂಪೂ ಇಲ್ಲ, ಬಿಳಿಯೂ ಇಲ್ಲ. ಔಷಧಿಯ ಸೀಸೆ ಬದಲಾಯಿಸಿದೆವು, ಹಲಗೆ ತೊಳೆದೆವು, ಕೋಣೆಯ ಶಾಖ ಅಳೆದೆವು. ಆಗ ಯಲಹಂಕದಲ್ಲಿ ವಿಮಾನ ಪ್ರದರ್ಶನಕ್ಕೆ ತಾಲೀಮು ನಡೆಯುತ್ತಿತ್ತು. ತಲೆಯ ಮೇಲೆ ಜೆಟ್ಟುಗಳು ಆಕಾಶ ಹರಿಯುತ್ತಿದ್ದವು. ಅದೇ ಕಾರಣವೆಂದು ನಿರ್ದೇಶಕರು ತೀರ್ಮಾನಿಸಿ, ಇಲಿಗಳ ಮನಶ್ಶಾಂತಿಗಾಗಿ ವಿಮಾನಗಳನ್ನು ಬೇರೆ ಕಡೆಯಿಂದ ಹಾರಿಸಬೇಕೆಂದು ಕೋರಿ ಒಂದು ಪತ್ರ ಬರೆದರು. ಅದನ್ನು ಟೈಪು ಮಾಡಿದವರು ಕಳಿಸದೆ ಉಪಕಾರ ಮಾಡಿದರು.

ಈ ಸಂಕಟದಲ್ಲೇ ನಾನು ಚಿಕ್ಕಜಾಲದ ಛತ್ರಕ್ಕೆ ಮದುವೆಗೆ ಹೋದೆ. ಎಲೆ ಹಾಕಿ ಕೂತಿದ್ದೆ. ಬೀಗರು, ಅಂದರೆ ಹೆಣ್ಣಿನ ತಂದೆ, ತಾವೇ ನಿಂತು ನನಗೆ ತುಪ್ಪ ಬಡಿಸುತ್ತಿದ್ದರು. ರೇಷ್ಮೆ ಪೇಟ ಸುತ್ತಿದ್ದ ಗೌಡರು ನನ್ನನ್ನು ಕಂಡವರೇ ಓಡಿಬಂದು, "ಮಕ್ಳು ಎಂಗವ್ರೆ ಸಾ?" ಎಂದರು. ಅವರ ಬಾಯಲ್ಲಿ ಮಕ್ಕಳೆಂದರೆ ಇಲಿಗಳು. ಅದು ನಮಗೆ ಗೊತ್ತು.

ನಾನು ಹೊಟ್ಟೆಯೊಳಗಿನದನ್ನೆಲ್ಲ ಕಕ್ಕಿದೆ. ಯಾವುದೂ ಮೂಲೆ ಬಿಟ್ಟು ಬರ್ತಿಲ್ಲ ಗೌಡ್ರೇ, ಸರಿಯಾಗಿ ತಿಂತಿಲ್ಲ, ನೋಡಿದರೆ ನಡುಗುತ್ತವೆ ಎಂದೆ. ಬೀಗರು ತುಪ್ಪದ ಸೌಟು ಹಿಡಿದು ನಿಂತೇ ಇದ್ದರು. ಮುಖದಲ್ಲಿ ಅಯ್ಯೋ ಪಾಪ ಎಂಬ ಕಳೆ. ಒಳ್ಳೆ ಡಾಕ್ಟರಿಗೆ ತೋರ್ಸಿ ಸ್ವಾಮಿ ಎಂದರು. ನಾನು ಆ ಗುಂಗಿನಲ್ಲಿ ಅವರ ಕಡೆ ನೋಡದೆ, "ನಿನ್ನೆ ಬೇರೆ ದೊಡ್ಡದು ಚಿಕ್ಕದರ ಬಾಲ ಕಚ್ಚಿಬಿಟ್ಟಿದೆ," ಎಂದೆ.

ಸೌಟು ಪಾಯಸಕ್ಕೆ ಬಿತ್ತು. ಆ ದಿನದಿಂದ ಅವರು ಎಲ್ಲಿ ಸಿಕ್ಕಿದರೂ ನನ್ನ ಹೆಂಡತಿಗೆ ವಿಶೇಷ ಗೌರವದಿಂದ ಕೈಮುಗಿಯುತ್ತಾರೆ.

ಬಾಗಿಲ ಗಾಜಿನಿಂದ ಕಂಡದ್ದು

ರಜೆ ಮುಗಿಸಿ ಗೌಡರು ಬಂದ ಮೂರನೆಯ ದಿನ ಕೆಂಪು ಚೀಟಿಯ ಒಂದು ಇಲಿ ಬಯಲು ದಾರಿಗೆ ಕಾಲಿಟ್ಟಿತು. ವಾರದಲ್ಲಿ ಎಲ್ಲ ಕೆಂಪಿನವೂ ತುದಿಗೆ ಬಂದು ಮೀಸೆ ಆಡಿಸುತ್ತಿದ್ದವು. ನಿರ್ದೇಶಕರು ಸಿಹಿ ಹಂಚಿದರು. ನಮ್ಮ ಹುಡುಗಿ ಮಾತ್ರ ತಿನ್ನಲಿಲ್ಲ. ಬಹಳ ಚುರುಕು ಅವಳು, ಯಾವುದನ್ನೂ ಸುಮ್ಮನೆ ನಂಬುವವಳಲ್ಲ. ಗೌಡರ ರಜೆಯ ಚೀಟಿ ಮತ್ತು ತನ್ನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಮರುದಿನ ನನ್ನನ್ನು ಇಲಿಮನೆಯ ಬಾಗಿಲ ಬಳಿ ಕರೆದುಕೊಂಡು ಹೋಗಿ, ಗಾಜಿನೊಳಗಿಂದ ನೋಡಿ ಸರ್ ಎಂದಳು.

ಗೌಡರು ಸ್ಟೂಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಟವೆಲು, ಟವೆಲಿನೊಳಗೆ ಒಂದು ಇಲಿ. ಅದರ ಕಿವಿಯ ಹಿಂದೆ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುತ್ತ, ಊರಿನ ಸುದ್ದಿ ಹೇಳುತ್ತಿದ್ದರು. ಯಾರು ತೋಟ ಮಾರಿದರು, ಯಾರ ಮನೆಯಲ್ಲಿ ಅಣ್ಣತಮ್ಮ ಕಚ್ಚಾಡಿದರು, ನಾಗಸಂದ್ರದ ನೆಂಟರು ಮೆಟ್ರೋ ಬಂದ ಮೇಲೆ ಹೇಗೆ ಮಾತೇ ಆಡಿಸುವುದಿಲ್ಲ, ಎಲ್ಲ. ಇಲಿ ಕಣ್ಣು ಅರ್ಧ ಮುಚ್ಚಿಕೊಂಡು ಕೇಳುತ್ತಿತ್ತು. ಎರಡು ನಿಮಿಷಕ್ಕೆ ಅದನ್ನು ಒಳಗೆ ಬಿಟ್ಟು ಇನ್ನೊಂದನ್ನು ತೆಗೆದರು. ಎಲ್ಲವೂ ಕೆಂಪು ಚೀಟಿಯ ಬೋನುಗಳೇ.

ನಾನು ಒಳಗೆ ಹೋಗಿ, ಇದು ಎಷ್ಟು ದಿನದಿಂದ ಗೌಡ್ರೇ ಎಂದು ಕೇಳಿದೆ.

"ಮೊದ್ಲಿಂದ್ಲೂನೂವೆ. ಸೂಜಿ ಚುಚ್ಚುಸ್ಕಂಡ ಮಕ್ಕಳ್ಗೆ ಒಂದು ಸಮಾಧಾನ ಏಳ್ದೆ ಬುಟ್ಬುಡಕಾಯ್ತದಾ?"

"ಬಿಳಿ ಚೀಟಿಯವಕ್ಕೂ ಚುಚ್ತೀವಲ್ಲ?"

"ಅವ್ಕೆ ಬರೀ ಉಪ್ಪುನೀರಲ್ವಾ ಸಾ. ಅವ್ಕೇನಾಗದೆ, ದಾಡಿ."

ಅದು ಪರಮ ಗುಟ್ಟಲ್ಲವೇ, ನಿಮಗೆ ಹೇಗೆ ಗೊತ್ತಾಯಿತು ಎಂದೆ. ಎರಡನೇ ದಿನವೇ ಗೊತ್ತಾಯಿತಂತೆ. ಕೆಂಪಿನವು ಎರಡರಷ್ಟು ನೀರು ಕುಡಿಯುತ್ತಿದ್ದವಂತೆ. ಸೀಸೆ ತುಂಬಿಸುವವನಿಗೆ ತಿಳಿಯದೆ ಇರುತ್ತದೆಯೇ, ಔಷಧಿ ಉಷ್ಣ ಎಂದರು.

"ಗೊತ್ತಿದ್ದೂ ನನಗೆ ಯಾಕೆ ಹೇಳ್ಲಿಲ್ಲ?"

ಗೌಡರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಗುಟ್ಟು ಅಂದಿದ್ರಲ್ಲ ಸಾ. ಅದ್ಕೇ ನಿಮಗೆ ಏಳ್ನಿಲ್ಲ."

ಹುಡುಗಿ ಗೋಡೆಗೆ ತಲೆಯಿಟ್ಟು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಇಲಿಗಳ ಧೈರ್ಯ ಔಷಧಿಯದೋ ಗೌಡರದೋ ಎಂದು ಇನ್ನು ಯಾವ ದೇವರೂ ಹೇಳಲಾರ. ಸಮಿತಿ ಬರಲು ನಾಲ್ಕು ದಿನವಿತ್ತು. ನಮ್ಮ ಮುಖ ನೋಡಿ ಗೌಡರಿಗೆ ಏನೋ ಹೊಳೆಯಿತು. ಕೈಯಲ್ಲಿದ್ದ ಇಲಿಯನ್ನು ಬೋನಿಗೆ ಬಿಟ್ಟು, ಎದ್ದು ನಿಂತು, "ನಾನು ನಿಮ್ ಕೆಲ್ಸ ಕೆಡಿಸ್ಬುಟ್ನಾ?" ಎಂದರು. ಅಷ್ಟು ದೊಡ್ಡ ಆಳು ಅಷ್ಟು ಸಣ್ಣಗಾದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಅಂದು ಸಂಜೆ ಮನೆಯಲ್ಲಿ ಎಲ್ಲ ಹೇಳಿಕೊಂಡೆ. ಮುಚ್ಚಿಟ್ಟರೆ ಯೋಜನೆ ಉಳಿಯುತ್ತದೆ, ಹೇಳಿದರೆ ಇಲಿಮನೆಗೆ ಬೀಗ ಎಂದೆ. ನನ್ನ ಹೆಂಡತಿ ಹುರುಳಿಕಾಯಿ ಸೋಸುತ್ತ, ಹೇಳ್ಬಿಡಿ, ಸುಳ್ಳು ಹೇಳಿ ನಿಮಗೆ ಅಭ್ಯಾಸ ಇಲ್ಲ, ಸಿಕ್ಕಿಹಾಕ್ಕೋತೀರಿ ಎಂದಳು. ಸೋಸಿದ ಕಾಯಿಯನ್ನು ಪಕ್ಕಕ್ಕಿಟ್ಟು, ದಿನಕ್ಕೆ ಎರಡೇ ನಿಮಿಷವಂತೆ ಅಲ್ಲವೇ ಎಂದು ಕೇಳಿದಳು. ಹೌದು ಎಂದೆ.

"ಇಲಿಗಾದ್ರೂ ಒಬ್ಬರು ಸಿಕ್ಕಿದ್ರಲ್ಲ," ಎಂದಳು.

ಅಧ್ಯಕ್ಷರ ಕೈ

ಸಮಿತಿಯ ಅಧ್ಯಕ್ಷರು ದೆಹಲಿಯವರು. ನಗುವುದನ್ನು ಯಾವುದೋ ಕಾಲದಲ್ಲಿ ಬಿಟ್ಟವರಂತೆ ಕಾಣುತ್ತಿದ್ದರು. ನಿರ್ದೇಶಕರು ಪಕ್ಕದಲ್ಲಿ ಕೂತು ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದರೂ ನಾನು ಎಲ್ಲವನ್ನೂ ಹೇಳಿದೆ. ಅಧ್ಯಕ್ಷರು ಅಂಕಿಗಳ ಫೈಲನ್ನು ಮಡಿಸಿ ಪಕ್ಕಕ್ಕಿಟ್ಟು, ಆ ಮನುಷ್ಯನನ್ನು ನೋಡಬೇಕು ಎಂದರು.

ಇಲಿಮನೆಯಲ್ಲಿ ಗೌಡರು ಖಾಕಿಯಲ್ಲಿ ಕೈಕಟ್ಟಿ ನಿಂತಿದ್ದರು. ಅಧ್ಯಕ್ಷರು ಒಂದು ಇಲಿಯನ್ನು ತಾವೇ ಹಿಡಿದು ನೋಡುತ್ತೇನೆಂದರು. ಕೈಯಲ್ಲಿಟ್ಟಾಗ ತಿಳಿಯಿತು, ವಿಜ್ಞಾನದಲ್ಲಿ ಅಷ್ಟು ಹೆಸರು ಮಾಡಿದವರು ಇಲಿಯನ್ನು ಮುಟ್ಟಿ ಎಷ್ಟೋ ಕಾಲವಾಗಿತ್ತು. ಚಾಚಿದ ಕೈಯಲ್ಲಿ ಇಲಿಯನ್ನು ಮೈಯಿಂದ ದೂರ ಹಿಡಿದಿದ್ದರು, ಹಣೆ ಬೆವರಿತ್ತು. ನಾವೆಲ್ಲ ಮರ್ಯಾದೆಗೆ ಬೇರೆ ಕಡೆ ನೋಡಿದೆವು. ಗೌಡರು ಹಾಗೆ ಮಾಡಲಿಲ್ಲ. ಸೀದಾ ಹೋಗಿ ಅಧ್ಯಕ್ಷರ ಕಿವಿಯ ಹಿಂದೆ ಹೆಬ್ಬೆರಳಿಟ್ಟು ಉಜ್ಜುತ್ತ, ಕನ್ನಡದಲ್ಲೇ, "ಎದ್ರುಕೋಬ್ಯಾಡಿ ಬುದ್ಧಿ, ಏನೂ ಮಾಡಾಕಿಲ್ಲ ಅದು," ಎಂದರು. ಯಾರಿಗೆ ಯಾವ ಭಾಷೆ ತಿಳಿಯಿತೋ, ಇಲಿಯೂ ಸುಮ್ಮನಾಯಿತು, ಅಧ್ಯಕ್ಷರೂ ಸುಮ್ಮನಾದರು.

ಹೋಗುವ ಮುಂಚೆ ಇನ್ನೊಂದು ವರ್ಷ ಕೊಟ್ಟರು. ನನ್ನ ಫಲಿತಾಂಶ ತಪ್ಪು ಎಂದು ತಾನೇ ಎದ್ದು ಹೇಳಿದವನನ್ನು ಈವರೆಗೆ ಕಂಡಿರಲಿಲ್ಲ, ಈಗ ಸರಿಯಾಗಿ ಮಾಡಿ ಎಂದರು. ಕಾರು ಹತ್ತುವಾಗ ನಿರ್ದೇಶಕರನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದರು. ಆಮೇಲೆ ಗೊತ್ತಾಯಿತು: ಈ ಮನುಷ್ಯನನ್ನು ದೆಹಲಿಗೆ ವರ್ಗ ಮಾಡಲು ಬರುತ್ತದೆಯೇ ಎಂದು ಕೇಳಿದರಂತೆ.

ಒಂದೇ ಕತೆ, ಎಲ್ಲರಿಗೂ

ಸರಿಯಾಗಿ ಮಾಡುವುದು ಎಂದರೆ ಗೌಡರನ್ನೂ ಒಂದು ಔಷಧಿಯಂತೆ ಅಳೆದು ಕೊಡಬೇಕು. ಹುಡುಗಿ ನಾಲ್ಕು ಗುಂಪು ಮಾಡಿದಳು. ಒಂದಕ್ಕೆ ಔಷಧಿ ಮತ್ತು ಗೌಡರು, ಒಂದಕ್ಕೆ ಔಷಧಿ ಮಾತ್ರ, ಒಂದಕ್ಕೆ ಉಪ್ಪುನೀರು ಮತ್ತು ಗೌಡರು, ಕೊನೆಯದಕ್ಕೆ ಉಪ್ಪುನೀರು ಮಾತ್ರ. ಪ್ರತಿ ಇಲಿಗೂ ಸರಿಯಾಗಿ ಎರಡು ನಿಮಿಷ, ಒಂದೇ ಬೆರಳು, ಮಾತೂ ಒಂದೇ ಇರಬೇಕು ಎಂದು ಕಟ್ಟಪ್ಪಣೆ. ಗೌಡರು ಮೂಲೆ ಸೈಟಿನ ಜಗಳದ ಕತೆಯನ್ನು ಆರಿಸಿಕೊಂಡರು. ಪಾಲಿಗೆ ಬಾರದ ಗುಂಪುಗಳ ಮುಂದೆ ಹಾದು ಹೋಗುವಾಗ ಅವರು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಆ ಸಂಕಟ ನೋಡಲಾಗುತ್ತಿರಲಿಲ್ಲ.

ಎರಡು ವಾರದಲ್ಲಿ ನನ್ನ ಕೋಣೆಗೆ ಬಂದರು. ಬೇರೆ ಕತೆ ಹೇಳಬಹುದೇ ಎಂದು ಕೇಳಿದರು. ಬದಲಾಯಿಸಿದರೆ ಪ್ರಯೋಗ ಕೆಡುತ್ತದೆ, ಆಗುವುದಿಲ್ಲ ಎಂದೆ.

"ಅಲ್ಲ ಸಾ, ಆ ಜಗಳ ಮೊನ್ನೆ ರಾಜಿ ಆಗೋಯ್ತು," ಎಂದರು. "ಸುಳ್ಳು ಏಳ್ತಾ ಕೂತಂಗಾಯ್ತದೆ."

ಒಂದು ವರ್ಷಕ್ಕೆ ಫಲ ಬಂತು. ಗೌಡರ ಕೈ ಸೋಕಿದ ಇಲಿಗಳು, ಉಪ್ಪುನೀರಿನವಾದರೂ, ಬಯಲಿನ ತುದಿಗೆ ಬಂದು ನಿಂತವು. ಹೆದರಿಕೆಯ ಹಾರ್ಮೋನೂ ಇಳಿದಿತ್ತು. ನಮ್ಮ ಔಷಧಿ ಒಂಟಿಯಾಗಿ ಮಾಡಿದ್ದು ಒಂದೇ, ಗೌಡರು ಎರಡನೇ ದಿನವೇ ಹೇಳಬಹುದಾಗಿದ್ದದ್ದು: ಬಾಯಾರಿಕೆ.

ಮೂರು ಪ್ರಶ್ನೆ

ಇದನ್ನೆಲ್ಲ ಲೇಖನ ಮಾಡಿ ಹೊರದೇಶದ ಒಂದು ಪತ್ರಿಕೆಗೆ ಕಳಿಸಿದೆವು. ಮೊದಲ ಪುಟದಲ್ಲಿ ಹುಡುಗಿ, ಅನುಭವಿ ಪಾಲಕನ ಸ್ಪರ್ಶ ಎಂದೆಲ್ಲ ಘನವಾಗಿ ಬರೆದಿದ್ದಳು. ಆದರೆ ವರ್ಷಪೂರ್ತಿ ನಮ್ಮ ನೋಟುಬುಕ್ಕಿನಲ್ಲಿ ಬರೆದ ರೂಢಿ ಕೋಷ್ಟಕಗಳಲ್ಲಿ ಹಾಗೆಯೇ ಉಳಿದುಬಿಟ್ಟಿತ್ತು. ಔಷಧಿ ಮತ್ತು ಗೌಡ. ಉಪ್ಪುನೀರು ಮತ್ತು ಗೌಡ. ನಾನೂ ನೋಡಿದ್ದೆ, ನಿರ್ದೇಶಕರೂ ನೋಡಿ ಸಹಿ ಹಾಕಿದ್ದರು. ನಮಗದು ವಿಚಿತ್ರವೆನಿಸಲೇ ಇಲ್ಲ.

ನಾಲ್ಕು ತಿಂಗಳಿಗೆ ಪರಿಶೀಲಕರ ಪತ್ರ ಬಂತು. ಕೆಲಸ ಬಹಳ ಚೆನ್ನಾಗಿದೆ, ಪ್ರಕಟಿಸಬಹುದು ಎಂದು ಶುರುವಾಗಿತ್ತು. ಹುಡುಗಿ ಕುರ್ಚಿಯಿಂದ ಎದ್ದು ಕುಣಿದಳು. ಗೌಡರು ಆ ವರ್ಷ ನಿವೃತ್ತರಾಗುವವರು. ಸುದ್ದಿ ಅವರಿಗೆ ಮೊದಲು ತಿಳಿಯಲಿ ಎಂದು ನಾನು ಪತ್ರ ಹಿಡಿದು ಇಲಿಮನೆಗೆ ಹೋದೆ. ಹುಡುಗಿಯೂ ನಿರ್ದೇಶಕರೂ ಹಿಂದೆ ಬಂದರು. ಗೌಡರು ಬೋನು ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತರು. ಇಲಿಮನೆಗೆ ಇನ್ನು ಬೀಗ ಬೀಳುವುದಿಲ್ಲ ಗೌಡ್ರೇ ಎಂದೆ. ಅವರು ಹತ್ತಿರದ ಬೋನಿನ ತಂತಿಯನ್ನು ಒಮ್ಮೆ ಸವರಿದರು. ನಾನು ಪತ್ರದ ಎರಡನೇ ಪುಟವನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳತೊಡಗಿದೆ. ಅಲ್ಲಿ ಏನಿದೆ ಎಂದು ನನಗೂ ಆವರೆಗೆ ಗೊತ್ತಿರಲಿಲ್ಲ.

ಲೇಖಕರು ಬಳಸಿರುವ ಗೌಡ ಎಂಬ ಪದಾರ್ಥ ಅತ್ಯಂತ ಪರಿಣಾಮಕಾರಿಯಾಗಿದೆ, ಆದರೆ ಅದರ ವಿವರ ಸಾಲದು ಎಂದಿತ್ತು. ಬೇರೆ ಪ್ರಯೋಗಾಲಯಗಳಿಗೂ ಅನುಕೂಲವಾಗುವಂತೆ ಮೂರು ವಿಷಯ ತಿಳಿಸಬೇಕು. ಒಂದು, ಅದನ್ನು ಎಲ್ಲಿಂದ ತರಿಸಿದ್ದು. ಎರಡು, ಎಷ್ಟು ಶಾಖದಲ್ಲಿ ಇಡಬೇಕು. ಮೂರು, ಅದರ ಅವಧಿ ಎಂದಿಗೆ ಮುಗಿಯುತ್ತದೆ.

ನಿರ್ದೇಶಕರು ಗೋಡೆ ಹಿಡಿದುಕೊಂಡರು. ಹುಡುಗಿ ನೆಲದ ಮೇಲೆ ಕೂತುಬಿಟ್ಟಳು. ಗೌಡರು ಮಾತ್ರ ನಗಲಿಲ್ಲ. ಇಷ್ಟು ದೂರದಿಂದ ಒಬ್ಬರು ಕೇಳಿದ್ದಾರೆಂದ ಮೇಲೆ ಸರಿಯಾಗಿ ಹೇಳಬೇಕಾದದ್ದು ಧರ್ಮ ಎನ್ನುವಂತೆ, ಟವೆಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡರು.

"ಎಲ್ಲಿಂದ ಅಂದ್ರೆ, ಕೊಡಿಗೇಹಳ್ಳಿ ಅಂತ ಬರೀರಿ," ಎಂದರು. ಬರೆದುಕೊಂಡೆ.

"ಬಿಸಿಲ್ಗೆ ಮಡಗಬಾರ್ದು. ಮಧ್ಯಾಹ್ನ ಮುದ್ದೆ ಬೇಕೇ ಬೇಕು." ಅದನ್ನೂ ಬರೆದುಕೊಂಡೆ.

ಮೂರನೆಯದಕ್ಕೆ ಅವರು ಸ್ವಲ್ಪ ತಡೆದರು. ಗೋಡೆಯ ಕ್ಯಾಲೆಂಡರ್ ನೋಡಿದರು, ಬೋನುಗಳ ಸಾಲು ನೋಡಿದರು. ನಮ್ಮ ನಗು ತಾನಾಗಿ ನಿಂತಿತು.

"ಬರೋ ಮಾರ್ಚಿ ಮೂವತ್ತೊಂದಕ್ಕೆ ಮುಗೀತದೆ," ಎಂದರು. ನಾನು ಪೆನ್ನು ಎತ್ತಿ ಹಿಡಿದೇ ಇದ್ದೆ. ಗೌಡರು ನನ್ನ ಮುಖ ನೋಡಿ, ಎದ್ದು ಬಂದು, ನನ್ನ ಕಿವಿಯ ಹಿಂದೆ ಹೆಬ್ಬೆರಳಿಟ್ಟರು.

"ಆಮ್ಯಾಕೂ ಒಂದಷ್ಟು ದಿನ ಕೆಲ್ಸ ಮಾಡ್ತದೆ ಅಂತ ಬರೀರಿ ಸಾ."